ಹದಿನಾರನೇ ವಯಸ್ಸಿನಲ್ಲಿ ತೂಕ ಇಳಿಸಲು ಮುದ್ದೆ, ಅನ್ನ ಬಿಡಬೇಕೇ?

ಪಿಯು ವಿದ್ಯಾರ್ಥಿನಿ, ಕೋಲಾರ:

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದಲ್ಲಿ ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ನನಗೀಗ ಹದಿನಾರು ವರ್ಷ. ಎಸ್ಸೆಸ್ಸೆಲ್ಸಿ ಓದುವಾಗ ಖೊ-ಖೊ ಆಡುವುದನ್ನು ಬಿಟ್ಟೆ, ಆಗಿನಿಂದ ತೂಕ ಏರುತ್ತಲೇ ಬಂದಿದೆ. ಬೆಳಿಗ್ಗೆ ಆರೂವರೆಗೆ ಟ್ಯೂಷನ್ ಇರುವುದರಿಂದ ತಿಂಡಿ ತಿನ್ನದೆ ಹೊರಡುತ್ತೇನೆ. ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನವೋ ಪುಳಿಯೋಗರೆಯೋ ಇರುತ್ತದೆ, ಸಂಜೆ ಬಸ್ ನಿಲ್ದಾಣದ ಹತ್ತಿರ ಗೆಳತಿಯರ ಜೊತೆ ಏನಾದರೂ ಕರಿದದ್ದು, ರಾತ್ರಿ ಮುದ್ದೆ, ಅನ್ನ, ಸಾರು. ಮೊಬೈಲಿನಲ್ಲಿ ಸಿಕ್ಕಿದ ಒಂದು ಪಟ್ಟಿಯ ಪ್ರಕಾರ ಮುದ್ದೆ, ಅನ್ನ ಎರಡನ್ನೂ ಪೂರ್ತಿ ಬಿಟ್ಟು, ಬೆಳಿಗ್ಗೆ ಜೀರಿಗೆ ನೀರು ಕುಡಿದು, ದಿನಕ್ಕೆ ಒಂದೇ ಹೊತ್ತು ಉಂಡರೆ ತಿಂಗಳಿಗೆ ಹತ್ತು ಕಿಲೋ ಇಳಿಯುತ್ತದಂತೆ. ಅಮ್ಮ ಬೇಡವೆನ್ನುತ್ತಾರೆ, ಆದರೆ ಯಾಕೆ ಬೇಡ ಎಂಬುದನ್ನು ವಿವರಿಸಲು ಅವರಿಗೂ ಆಗುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ನಿರ್ವಾಹಕರು:

ಉತ್ತರಿಸುವವರಲ್ಲಿ ಒಂದು ವಿನಂತಿ. ಪ್ರಶ್ನೆ ಕೇಳಿದವರು ಹದಿನೆಂಟು ತುಂಬದವರು. ಅವರ ತೂಕ ಎಷ್ಟು, ಎತ್ತರ ಎಷ್ಟು ಎಂದು ಇಲ್ಲಿ ಕೇಳಬೇಡಿ, ನಿಮ್ಮ ಮನೆಯ ಮಕ್ಕಳ ತೂಕದೊಂದಿಗೆ ಹೋಲಿಸಬೇಡಿ. ಯಾವ ಪುಡಿ, ಮಾತ್ರೆ, ಪಾನೀಯದ ಹೆಸರನ್ನೂ ಹಾಕಬೇಡಿ.

ಆಹಾರತಜ್ಞೆ, ಬಂಗಾರಪೇಟೆ:

ನಿಮ್ಮ ತಾಯಿ ಹೇಳಿದ್ದು ಸರಿ. ಕಾರಣವನ್ನು ನಾನು ಹೇಳುತ್ತೇನೆ.

ಹದಿನಾರನೇ ವಯಸ್ಸಿನಲ್ಲಿ ದೇಹ ಇನ್ನೂ ಮೂಳೆಗೆ ಸುಣ್ಣಾಂಶವನ್ನು ತುಂಬಿಸುತ್ತಿರುತ್ತದೆ, ರಕ್ತ ಮತ್ತು ಸ್ನಾಯುಗಳನ್ನು ಬೆಳೆಸುತ್ತಿರುತ್ತದೆ. ಆಗ ಒಂದೇ ಹೊತ್ತು ಉಂಡರೆ ಮೊದಲ ವಾರ ತೂಕದ ಯಂತ್ರದಲ್ಲಿ ಅಂಕಿ ಇಳಿಯುವುದು ನಿಜ, ಆದರೆ ಹಾಗೆ ಇಳಿಯುವುದರಲ್ಲಿ ಬಹುಪಾಲು ನೀರು, ಆಮೇಲೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ತಲೆ ಸುತ್ತು, ಕೂದಲು ಉದುರುವುದು, ತಿಂಗಳ ಮುಟ್ಟು ಏರುಪೇರಾಗುವುದು, ಓದಿದ್ದು ತಲೆಗೆ ಹತ್ತದಿರುವುದು ಇವೆಲ್ಲ ಅದರ ಹಿಂದೆಯೇ ಬರುತ್ತವೆ. ಪಟ್ಟಿ ಬಿಟ್ಟ ಮರುದಿನದಿಂದ ಹಸಿವು ಬಡ್ಡಿಸಮೇತ ವಾಪಸಾಗುತ್ತದೆ. ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ 2020ರ ಶಿಫಾರಸಿನ ಪ್ರಕಾರ 16ರಿಂದ 18 ವರ್ಷದ ಹುಡುಗಿಯರಿಗೆ ದಿನಕ್ಕೆ 46 ಗ್ರಾಂ ಪ್ರೋಟೀನ್, 1050 ಮಿಲಿಗ್ರಾಂ ಕ್ಯಾಲ್ಸಿಯಂ, 32 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಮೂರು ಹೊತ್ತು ಉಂಡೇ ಇದನ್ನು ಮುಟ್ಟುವುದು ಕಷ್ಟವಾಗಿರುವಾಗ ಒಂದು ಹೊತ್ತಿನ ಊಟದಲ್ಲಿ ಮುಟ್ಟಲು ಸಾಧ್ಯವೇ ಇಲ್ಲ.

ಇನ್ನು ಮುದ್ದೆಯ ವಿಚಾರ. ನೂರು ಗ್ರಾಂ ರಾಗಿಯಲ್ಲಿ 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು. ಮೂಳೆ ಗಟ್ಟಿಯಾಗಬೇಕಾದ ವಯಸ್ಸಿನಲ್ಲಿ ಕೋಲಾರದ ಹುಡುಗಿ ರಾಗಿಯನ್ನು ಬಿಡುವುದು ನನ್ನ ಪ್ರಕಾರ ಕೈಯಾರೆ ಮಾಡಿಕೊಳ್ಳುವ ನಷ್ಟ. ಆದರೆ ರಾಗಿಗೆ ತೂಕ ಕರಗಿಸುವ ಶಕ್ತಿಯಿದೆ ಎಂದು ಹೇಳುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಶಕ್ತಿಯ ಲೆಕ್ಕದಲ್ಲಿ ರಾಗಿಗೂ ಅಕ್ಕಿಗೂ ದೊಡ್ಡ ಅಂತರವಿಲ್ಲ, ಪ್ರೋಟೀನ್ ಎರಡರಲ್ಲೂ ನೂರು ಗ್ರಾಂಗೆ ಏಳೆಂಟು ಗ್ರಾಂ ಅಷ್ಟೇ. ನಾರಿನಂಶ ಹೆಚ್ಚಿರುವುದರಿಂದ ಮುದ್ದೆ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಅದೇ ಅದರ ಅನುಕೂಲ. ಹಾಗಾಗಿ ನೋಡಬೇಕಾದದ್ದು ಮುದ್ದೆಯ ಪಕ್ಕದಲ್ಲಿ ಏನಿದೆ ಎಂಬುದನ್ನು. ತಿಳಿಸಾರಿನಲ್ಲಿ ಅದ್ದಿ ಎರಡು ಮುದ್ದೆ ನುಂಗುವುದಕ್ಕೂ, ಹುರುಳಿಕಾಳಿನ ಬಸ್ಸಾರು, ಅದರ ಪಲ್ಯ, ಒಂದು ಲೋಟ ಮಜ್ಜಿಗೆಯೊಂದಿಗೆ ಒಂದು ಮುದ್ದೆ ಉಣ್ಣುವುದಕ್ಕೂ ಅಜಗಜಾಂತರ.

ಗೃಹಿಣಿ, ಮುಳಬಾಗಿಲು:

ಮೇಡಂ ಹೇಳಿದ್ದು ಓದಲು ಚೆನ್ನಾಗಿದೆ. ಆದರೆ ಐದು ಗಂಟೆಗೆ ಎದ್ದು ಡಬ್ಬಿ ಕಟ್ಟುವವರ ಪಾಡನ್ನೂ ಸ್ವಲ್ಪ ನೋಡಬೇಕು. ಚಿತ್ರಾನ್ನ ಮಾಡುವುದು ಸೋಮಾರಿತನದಿಂದಲ್ಲ, ಮಧ್ಯಾಹ್ನದವರೆಗೆ ಹಳಸದೆ ಇರುವುದು ಅದೊಂದೇ ಎಂಬ ಕಾರಣಕ್ಕೆ. ಸಾರು ಕಟ್ಟಿದರೆ ಮಕ್ಕಳ ಬ್ಯಾಗಿನೊಳಗೆ ಚೆಲ್ಲುತ್ತದೆ. ಪುಸ್ತಕವೆಲ್ಲ ಹುಳಿ ವಾಸನೆ ಎಂದು ನನ್ನ ಮಗಳು ಡಬ್ಬಿಯನ್ನೇ ಬಿಟ್ಟು ಹೋಗುತ್ತಿದ್ದಳು. ಮನೆಯಲ್ಲಿ ಒಬ್ಬರಿಗಾಗಿ ಬೇರೆ ಅಡುಗೆ ಮಾಡಲು ನನ್ನಿಂದಾಗದು, ಎಲ್ಲರೂ ತಿನ್ನುವಂಥದ್ದಾದರೆ ಮಾತ್ರ ಹೇಳಿ.

ಆಹಾರತಜ್ಞೆ, ಬಂಗಾರಪೇಟೆ:

ಅಕ್ಕ, ನಿಮ್ಮ ಮಾತು ನ್ಯಾಯವಾದದ್ದು. ಮನೆಯಲ್ಲಿ ಒಬ್ಬರಿಗೆ ಮಾತ್ರ ಪಥ್ಯದ ಅಡುಗೆ ಮಾಡಿ ಉಳಿದವರು ಎದುರಿಗೆ ಕೂತು ಬೋಂಡ ತಿಂದರೆ ಆ ಪಥ್ಯ ನಡೆಯುವುದೂ ಇಲ್ಲ. ಚಿತ್ರಾನ್ನವನ್ನು ಬಿಡಬೇಕಾಗಿಲ್ಲ. ಅದೇ ಡಬ್ಬಿಯಲ್ಲಿ ಅನ್ನವನ್ನು ಮೂರರಲ್ಲಿ ಒಂದು ಪಾಲು ಕಡಿಮೆ ಮಾಡಿ, ಆ ಜಾಗಕ್ಕೆ ಹೆಸರುಕಾಳಿನದೋ ಹುರುಳಿಯದೋ ಮೊಳಕೆಯನ್ನು ಒಗ್ಗರಣೆ ಹಾಕಿ ತುಂಬಿಸಿ. ಇನ್ನೊಂದು ಚಿಕ್ಕ ಡಬ್ಬಿಯಲ್ಲಿ ಸೌತೆಕಾಯಿ, ಕ್ಯಾರೆಟ್, ಸೀಬೆಕಾಯಿ, ಯಾವುದು ಸಿಗುತ್ತದೋ ಅದು ಇರಲಿ. ಧನುರ್ಮಾಸದ ಹೊತ್ತಿಗೆ ನಮ್ಮ ಕಡೆ ಅವರೆಕಾಯಿ ರಾಶಿಯಾಗಿ ಬರುತ್ತದಲ್ಲ, ಆಗಂತೂ ಕಾಳಿಗೆ ಬೇರೆ ಯೋಚನೆಯೇ ಬೇಡ. ಒಗ್ಗರಣೆಯ ಎಣ್ಣೆಯನ್ನು ಬಾಟಲಿಯಿಂದ ನೇರವಾಗಿ ಸುರಿಯದೆ ಚಮಚದಲ್ಲಿ ಅಳೆದು ಹಾಕುವುದನ್ನು ಇಡೀ ಮನೆಗೇ ರೂಢಿ ಮಾಡಿಕೊಳ್ಳಬಹುದು, ಏಕೆಂದರೆ ಊಟದ ದೊಡ್ಡ ಚಮಚದ ಒಂದು ಎಣ್ಣೆ ಎಂದರೆ ಸುಮಾರು 120 ಕ್ಯಾಲೊರಿ.

ಪ್ರಶ್ನೆ ಕೇಳಿದ ಮಗಳಿಗೆ ಒಂದು ಅಂದಾಜು ಲೆಕ್ಕ ಕೊಡುತ್ತೇನೆ. ಒಂದು ಮುದ್ದೆಯಿಂದ ಐದಾರು ಗ್ರಾಂ, ಒಂದು ಹೊತ್ತಿನ ಅನ್ನದಿಂದ ಐದು ಗ್ರಾಂ, ನಲವತ್ತು ಗ್ರಾಂ ಒಣಕಾಳಿನಿಂದ ಎಂಟೊಂಬತ್ತು ಗ್ರಾಂ, ಒಂದು ಮೊಟ್ಟೆಯಿಂದ ಆರು ಗ್ರಾಂ, ಒಂದು ಲೋಟ ಹಾಲು ಮತ್ತು ಒಂದು ಬಟ್ಟಲು ಮೊಸರಿನಿಂದ ಹತ್ತು ಹನ್ನೊಂದು ಗ್ರಾಂ, ಒಂದು ಹಿಡಿ ಕಡಲೆಕಾಯಿಬೀಜದಿಂದ ಆರು ಗ್ರಾಂ ಪ್ರೋಟೀನ್ ಸಿಗುತ್ತದೆ. ಬೆಳಗಿನ ತಿಂಡಿಯದ್ದನ್ನೂ ಸೇರಿಸಿದರೆ ನಿಮಗೆ ಬೇಕಾದ 46 ಗ್ರಾಂ ಮನೆಯಲ್ಲೇ ತುಂಬಿತು. ಮೊಟ್ಟೆ ತಿನ್ನದ ಮನೆಯಾದರೆ ಕಾಳನ್ನು ಸ್ವಲ್ಪ ಹೆಚ್ಚಿಸಿದರಾಯಿತು. ಈ ಲೆಕ್ಕವನ್ನು ಕೊಟ್ಟದ್ದು ಏನೂ ಕೊಳ್ಳಬೇಕಾಗಿಲ್ಲ ಎಂದು ತಿಳಿಯಲಿ ಎಂಬುದಕ್ಕೆ ಮಾತ್ರ. ದಿನವೂ ತಕ್ಕಡಿ ಹಿಡಿದು ಕೂರಬೇಡಿ, ಕ್ಯಾಲೊರಿ ಬರೆದಿಡಬೇಡಿ.

ತಿಂಡಿಯನ್ನು ಮಾತ್ರ ತಪ್ಪಿಸಬೇಡಿ. ಟ್ಯೂಷನ್ನಿಗೆ ಹೊರಡುವ ಮುನ್ನ ಒಂದು ಲೋಟ ರಾಗಿ ಅಂಬಲಿಯೋ ಹಾಲು-ಬಾಳೆಹಣ್ಣೋ ಸಾಕು. ಟ್ಯೂಷನ್ ಮುಗಿದು ಕಾಲೇಜು ಆರಂಭವಾಗುವ ನಡುವೆ ಇಡ್ಲಿ, ದೋಸೆ, ರೊಟ್ಟಿ ಯಾವುದಾದರೂ ಡಬ್ಬಿಯಲ್ಲಿರಲಿ. ಸಂಜೆ ಕರಿದದ್ದು ತಿನ್ನುತ್ತೇನೆ ಎಂದಿರಲ್ಲ, ಬೆಳಗಿನಿಂದ ಹೊಟ್ಟೆ ಖಾಲಿ ಇಟ್ಟದ್ದೇ ಅದಕ್ಕೆ ಬಹುಮಟ್ಟಿಗೆ ಕಾರಣ.

ಡಿಪ್ಲೊಮಾ ವಿದ್ಯಾರ್ಥಿ, ಕೆಜಿಎಫ್:

ನನಗೆ ಹದಿನೇಳು. ನಾನು ಜಿಮ್‌ಗೆ ಸೇರಿದ್ದೇನೆ. ಅಲ್ಲಿ ಪ್ರೋಟೀನ್ ಪುಡಿ ತೆಗೆದುಕೊಳ್ಳದೆ ವ್ಯಾಯಾಮ ಮಾಡಿದರೆ ಪ್ರಯೋಜನವಿಲ್ಲ ಎನ್ನುತ್ತಾರೆ. ಮನೆಯಲ್ಲಿ ಅಜ್ಜಿ ಭಾರ ಎತ್ತಿದರೆ ಕುಳ್ಳನಾಗುತ್ತೀ ಎನ್ನುತ್ತಾರೆ. ಇಬ್ಬರಲ್ಲಿ ಯಾರ ಮಾತು ಸರಿ?

ದೈಹಿಕ ಶಿಕ್ಷಣ ಶಿಕ್ಷಕ, ಮಾಲೂರು:

ಇಬ್ಬರದೂ ಅಲ್ಲ, ತಮ್ಮ. ನಿಗಾ ಇಡುವವರಿದ್ದು, ಸರಿಯಾದ ಭಂಗಿಯಲ್ಲಿ, ಹಗುರವಾದ ಭಾರದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸುತ್ತಾ ಹೋದರೆ ಭಾರ ಎತ್ತುವುದರಿಂದ ಎತ್ತರ ನಿಲ್ಲುವುದಿಲ್ಲ. ಯಾರು ಹೆಚ್ಚು ಎತ್ತುತ್ತಾರೆಂದು ಗೆಳೆಯರೊಂದಿಗೆ ಪೈಪೋಟಿಗೆ ಇಳಿದರೆ ಪೆಟ್ಟಾಗುತ್ತದೆ. ಪುಡಿಯ ವಿಚಾರದಲ್ಲಿ ಮೇಡಂ ಕೊಟ್ಟ ಕಾಳು, ಮೊಟ್ಟೆಯ ಲೆಕ್ಕವನ್ನೇ ನೀನೂ ನೋಡಿಕೋ, ನಿನ್ನ ವಯಸ್ಸಿನ ಹುಡುಗರಿಗೆ 55 ಗ್ರಾಂ ಬೇಕು.

ಈಗ ತಂಗಿಯ ಪ್ರಶ್ನೆಗೆ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಷ್ಟು ಚಟುವಟಿಕೆ ಮಾಡಬೇಕು. ವಾರಕ್ಕೆ ಮೂರು ದಿನವಾದರೂ ಅದರಲ್ಲಿ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವಂಥದ್ದು ಇರಬೇಕು. ಈ 60 ನಿಮಿಷವನ್ನು ಒಂದೇ ಬಾರಿಗೆ ಮಾಡಬೇಕೆಂಬ ನಿಯಮವೇನಿಲ್ಲ, ಟ್ಯೂಷನ್ನಿಗೆ ಹೋಗುವ ಮಕ್ಕಳಿಗೆ ಹಾಗೆ ಬಿಡುವೂ ಸಿಗುವುದಿಲ್ಲ. ಟ್ಯೂಷನ್ನಿನಿಂದ ಕಾಲೇಜಿಗೆ ಆಟೋ ಹತ್ತದೆ ಬಿರುಸಾಗಿ ನಡೆದರೆ ಇಪ್ಪತ್ತು ನಿಮಿಷ, ಸಂಜೆ ಮನೆಯ ತಾರಸಿಯ ಮೇಲೆ ಹಗ್ಗದಾಟ ಮತ್ತು ಸೂರ್ಯ ನಮಸ್ಕಾರ ಸೇರಿ ಇಪ್ಪತ್ತು ನಿಮಿಷ, ಊಟಕ್ಕೆ ಮುಂಚೆ ತಮ್ಮ ತಂಗಿಯರ ಜೊತೆ ಬ್ಯಾಡ್ಮಿಂಟನ್ನೋ ಕುಂಟೆಬಿಲ್ಲೆಯೋ ಆಡಿದರೆ ಉಳಿದದ್ದೂ ಆಯಿತು. ಮೊದಲ ಎರಡು ವಾರ ಇದರ ಅರ್ಧ ಮಾಡಿದರೆ ಸಾಕು. ನಡೆಯುವಾಗ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು, ಆ ವೇಗವೇ ಸರಿಯಾದ ವೇಗ.

ಸೋಮವಾರ, ಬುಧವಾರ, ಶುಕ್ರವಾರ ಬಸ್ಕಿ, ಗೋಡೆಗೆ ಕೈ ಊರಿ ದಂಡ, ಮೆಟ್ಟಿಲ ಮೇಲೆ ಹತ್ತಿಳಿಯುವುದು ಇವನ್ನು ಸೇರಿಸಿಕೊಳ್ಳಿ. ಬಸ್ಕಿ ಹತ್ತರಂತೆ ಎರಡು ಸುತ್ತಿನಿಂದ ಶುರುವಾಗಲಿ. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುತ್ತದೆ ಎಂಬುದನ್ನು ನಂಬಬೇಡಿ. ಕೊಬ್ಬು ಎಲ್ಲಿಂದ ಮೊದಲು ಇಳಿಯಬೇಕೆಂಬುದನ್ನು ದೇಹವೇ ನಿರ್ಧರಿಸುತ್ತದೆ. ಭಾನುವಾರ ಬೆಳಿಗ್ಗೆ ಮನೆಯವರೊಂದಿಗೆ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಬಹುದು. ಬಿಸಿಲೇರುವ ಮುಂಚೆ ಹೋಗಿ, ಕೋತಿಗಳ ಕಾಟವಿರುವುದರಿಂದ ತಿನ್ನುವುದನ್ನು ಕೈಯಲ್ಲಿ ಹಿಡಿದು ಹೋಗಬೇಡಿ.

ಸಾಧ್ಯವಿದ್ದರೆ ಖೊ-ಖೊ ತಂಡಕ್ಕೆ ಮರಳಿ. ಇಷ್ಟವಿಲ್ಲದ ವ್ಯಾಯಾಮವನ್ನು ಮಕ್ಕಳು ಮೂರು ವಾರಕ್ಕಿಂತ ಹೆಚ್ಚು ಮಾಡಿದ್ದನ್ನು ನಾನಂತೂ ಕಂಡಿಲ್ಲ, ಆಟವನ್ನು ಮಾತ್ರ ವರ್ಷಗಟ್ಟಲೆ ಆಡುತ್ತಾರೆ.

ಗೃಹಿಣಿ, ಮುಳಬಾಗಿಲು:

ಸರ್, ಹುಡುಗಿಯರು ಎಲ್ಲಿ ಆಡಬೇಕು ಎಂಬುದನ್ನೂ ಹೇಳಿ. ಸಂಜೆ ಮೈದಾನಕ್ಕೆ ಹೋದರೆ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ದಪ್ಪಗಿರುವ ಹುಡುಗಿ ಓಡಿದರೆ ಗೇಲಿ ಮಾಡುವವರೂ ಇರುತ್ತಾರೆ. ನನ್ನ ಮಗಳು ಆ ಕಾರಣಕ್ಕೇ ಮೈದಾನದ ಕಡೆ ತಲೆಹಾಕುವುದನ್ನು ಬಿಟ್ಟಿದ್ದಾಳೆ.

ದೈಹಿಕ ಶಿಕ್ಷಣ ಶಿಕ್ಷಕ, ಮಾಲೂರು:

ಇದು ನಿಜವಾದ ತೊಂದರೆ. ಮಕ್ಕಳ ಇಚ್ಛಾಶಕ್ತಿಯ ಬಗ್ಗೆ ಭಾಷಣ ಮಾಡುವವರು ಇದನ್ನು ಮರೆಯುತ್ತಾರೆ. ಕಾಲೇಜು ಬಿಟ್ಟ ಕೂಡಲೇ, ಮನೆಗೆ ಹೋಗುವ ಮುಂಚೆ, ಅರ್ಧ ಗಂಟೆ ಅಂಗಳವನ್ನು ಹುಡುಗಿಯರಿಗೆ ಬಿಟ್ಟುಕೊಡುವಂತೆ ನಾಲ್ಕೈದು ಗೆಳತಿಯರು ಸೇರಿ ಪ್ರಾಂಶುಪಾಲರನ್ನು ಕೇಳಿಕೊಳ್ಳಬಹುದು. ಒಬ್ಬಳೇ ಕೇಳುವುದಕ್ಕಿಂತ ಐದು ಜನ ಕೇಳಿದರೆ ತೂಕವಿರುತ್ತದೆ. ಅಲ್ಲಿಯವರೆಗೆ ತಾರಸಿ, ಅಂಗಳ, ಮನೆಯ ಹಿತ್ತಲು ಯಾವುದಾದರೂ ಆದೀತು. ತಾಯಿ ಮಗಳು ಇಬ್ಬರೂ ಬೆಳಿಗ್ಗೆ ಒಟ್ಟಿಗೆ ನಡೆಯುವುದಾದರೆ ಇನ್ನೂ ಒಳ್ಳೆಯದು.

ಸೊಪ್ಪಿನ ತೋಟ, ಶ್ರೀನಿವಾಸಪುರ:

ನಮ್ಮ ಕಾಲದಲ್ಲಿ ಬೆರಕೆ ಸೊಪ್ಪಿನ ಸಾರು ಉಂಡು ಹೊಲಕ್ಕೆ ಹೋಗುತ್ತಿದ್ದೆವು, ಬೊಜ್ಜು ಎಂಬುದು ಸಾಹುಕಾರರ ಮನೆಯ ವಿಷಯವಾಗಿತ್ತು. ಈಗ ಹೊಲದಲ್ಲೂ ಟ್ರ್ಯಾಕ್ಟರ್, ಬಾಯಿಗೆ ಮಾತ್ರ ಅದೇ ಎರಡು ಮುದ್ದೆ. ನುಗ್ಗೆಸೊಪ್ಪು ಪ್ರತಿ ಬೀದಿಯಲ್ಲೂ ಉದುರಿ ಹೋಗುತ್ತಿದೆ, ಕಿತ್ತು ತಿನ್ನುವವರಿಲ್ಲ.

ಪಿಯು ವಿದ್ಯಾರ್ಥಿನಿ, ಕೋಲಾರ:

ಎಲ್ಲರಿಗೂ ಧನ್ಯವಾದಗಳು. ಅಮ್ಮನೂ ಓದಿದರು. ಇನ್ನೊಂದು ವಿಚಾರ ಕೇಳಲು ಸಂಕೋಚವಾಗುತ್ತಿದೆ. ನನ್ನ ಕತ್ತಿನ ಹಿಂಭಾಗ ಕಪ್ಪಾಗಿದೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಮುಟ್ಟು ಎರಡು ತಿಂಗಳಿಗೊಮ್ಮೆ ಆಗುತ್ತಿದೆ. ಸ್ವಲ್ಪ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಇದಕ್ಕೂ ತೂಕಕ್ಕೂ ಸಂಬಂಧವಿದೆಯೇ? ನಮ್ಮ ನೆರೆಯ ಆಂಟಿ ತೂಕ ಇಳಿಸಲೆಂದು ಮಾರುವ ಒಂದು ಶೇಕ್ ಕುಡಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುತ್ತಿದ್ದಾರೆ.

ಮಕ್ಕಳ ವೈದ್ಯ:

ಕೇಳಿದ್ದು ಒಳ್ಳೆಯದಾಯಿತು, ಮಗಳೇ, ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಮಖಮಲ್ಲಿನಂತೆ ದಪ್ಪವಾಗಿ ಕಪ್ಪಾಗುವುದು ಕೊಳೆಯಲ್ಲ. ದೇಹದಲ್ಲಿ ಇನ್ಸುಲಿನ್ ತನ್ನ ಕೆಲಸವನ್ನು ಸರಿಯಾಗಿ ಮಾಡಲಾಗದೆ ಹೆಚ್ಚಾಗಿ ಸ್ರವಿಸುತ್ತಿರುವುದರ ಗುರುತು ಅದಾಗಿರಬಹುದು. ಆದ್ದರಿಂದ ಉಜ್ಜಿ ಗಾಯ ಮಾಡಿಕೊಳ್ಳಬೇಡಿ. ಅದರ ಜೊತೆಗೆ ಮುಟ್ಟೂ ತಡವಾಗುತ್ತಿದ್ದರೆ ಪಿಸಿಒಎಸ್ (ಅಂಡಾಶಯ ಮತ್ತು ಹಾರ್ಮೋನುಗಳ ಏರುಪೇರು) ಮತ್ತು ಥೈರಾಯ್ಡ್ ತೊಂದರೆ ಇದೆಯೇ ಎಂದು ನೋಡಬೇಕಾಗುತ್ತದೆ. ಏದುಸಿರಿಗೆ ಅಭ್ಯಾಸ ತಪ್ಪಿರುವುದೂ ಕಾರಣವಿರಬಹುದು, ರಕ್ತಹೀನತೆಯೂ ಇರಬಹುದು. ದಪ್ಪಗಿರುವವರಿಗೆ ರಕ್ತಹೀನತೆ ಇರುವುದಿಲ್ಲ ಎಂದು ಅನೇಕ ಪಾಲಕರು ನಂಬಿದ್ದಾರೆ, ಅದು ನಿಜವಲ್ಲ. ಈ ವಯಸ್ಸಿನ ಹುಡುಗಿಯರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತೇವೆ. ಅದನ್ನು ಸರಿಪಡಿಸದೆ ಓಡು, ಹತ್ತು ಎಂದರೆ ಮಗುವಿಗೆ ಸುಸ್ತು ಹೆಚ್ಚಾಗುತ್ತದೆ, ಸೋಮಾರಿ ಎಂಬ ಬೈಗುಳವೂ ಸೇರುತ್ತದೆ.

ತೂಕ ಹೆಚ್ಚಿದೆಯೇ, ಎಷ್ಟು ಹೆಚ್ಚಿದೆ ಎಂಬುದನ್ನು ದೊಡ್ಡವರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಕೋಷ್ಟಕದಿಂದ ಮೊಬೈಲಿನಲ್ಲಿ ಅಳೆಯಬೇಡಿ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ 5ರಿಂದ 18 ವರ್ಷದವರಿಗಾಗಿ ಹುಡುಗ ಹುಡುಗಿಯರಿಗೆ ಬೇರೆಬೇರೆ ನಕ್ಷೆಗಳನ್ನು ಕೊಟ್ಟಿದೆ, ವೈದ್ಯರು ಅದರಲ್ಲಿ ಗುರುತು ಹಾಕಿ ತೋರಿಸುತ್ತಾರೆ. ಇನ್ನೂ ಎತ್ತರವಾಗುತ್ತಿರುವ ಮಕ್ಕಳಲ್ಲಿ ತೂಕವನ್ನು ಇಳಿಸದೆ ಇದ್ದಲ್ಲೇ ನಿಲ್ಲಿಸಿದರೂ ಎಷ್ಟೋ ಸಲ ಸಾಕಾಗುತ್ತದೆ. ಹುಡುಗಿಯರಲ್ಲಿ ಮೊದಲ ಮುಟ್ಟಾದ ಸುಮಾರು ಎರಡು ವರ್ಷಗಳಲ್ಲಿ ಎತ್ತರದ ಬೆಳವಣಿಗೆ ಬಹುಪಾಲು ಮುಗಿದಿರುತ್ತದೆ. ಆದ್ದರಿಂದ ನಿಮ್ಮ ವಿಚಾರದಲ್ಲಿ ಏನು ಗುರಿ ಇಟ್ಟುಕೊಳ್ಳಬೇಕೆಂಬುದನ್ನು ನಿಮ್ಮನ್ನು ನೋಡಿದ ವೈದ್ಯರೇ ಹೇಳಬೇಕು.

ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಸ್ನೇಹ ಕ್ಲಿನಿಕ್ ಎಂಬ ವ್ಯವಸ್ಥೆಯಿದೆ, ಅಮ್ಮನೊಂದಿಗೆ ಅಲ್ಲಿಗೆ ಹೋಗಿ. ಶಾಲೆ, ಅಂಗನವಾಡಿಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಇರುತ್ತದೆ. ವಾಕರಿಕೆ ಬರುತ್ತದೆಂದು ಮಕ್ಕಳು ಅದನ್ನು ಕಿಟಕಿಯಿಂದ ಎಸೆಯುವುದು ಎಲ್ಲರಿಗೂ ಗೊತ್ತು. ಊಟವಾದ ಮೇಲೆ ನುಂಗಿದರೆ ವಾಕರಿಕೆ ಕಡಿಮೆಯಾಗುತ್ತದೆ. ಸೊಪ್ಪಿನ ಊಟದ ಜೊತೆ ನಿಂಬೆರಸ, ಸೀಬೆ, ನೆಲ್ಲಿ ಇದ್ದರೆ ಕಬ್ಬಿಣಾಂಶವನ್ನು ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ, ಊಟದ ಬೆನ್ನಿಗೇ ಕಾಫಿ ಟೀ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ.

ಶೇಕ್, ಕೊಬ್ಬು ಕರಗಿಸುವ ಮಾತ್ರೆ, ಮೂಲಿಕೆಯ ಪುಡಿ ಯಾವುದೂ ಬೇಡ. ಗಿಡಮೂಲಿಕೆ ಮತ್ತು ಹಸಿರು ಚಹಾದ ಸಾರವಿರುವ ಕೆಲವು ಉತ್ಪನ್ನಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿ ದಾಖಲಾಗಿವೆ. ಆಂಟಿಗೆ ಒಳ್ಳೆಯ ಮನಸ್ಸೇ ಇರಬಹುದು, ಆದರೂ ಮಾರುವವರ ಮಾತನ್ನು ಚಿಕಿತ್ಸೆ ಎಂದು ತೆಗೆದುಕೊಳ್ಳಬೇಡಿ.

ಪಾಲಕರಿಗೂ ಎರಡು ಮಾತು. ಮಗು ಊಟವನ್ನು ಕದ್ದುಮುಚ್ಚಿ ಬಿಡುತ್ತಿದ್ದರೆ, ಉಂಡ ಕೂಡಲೇ ಬಚ್ಚಲಿಗೆ ಹೋಗಿ ವಾಂತಿ ಮಾಡುತ್ತಿದ್ದರೆ, ದಿನಕ್ಕೆ ಹಲವು ಬಾರಿ ತೂಕ ನೋಡಿಕೊಳ್ಳುತ್ತಿದ್ದರೆ, ಮೂರು ತಿಂಗಳು ಮುಟ್ಟಾಗದಿದ್ದರೆ ಕಾಯದೆ ವೈದ್ಯರನ್ನು ಕಾಣಿ. ಮನಸ್ಸಿನ ವಿಚಾರಕ್ಕೆ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ತೂಕ ಹೆಚ್ಚಿರುವ ಹುಡುಗನೋ ಹುಡುಗಿಯೋ ಸೊಂಟ ಅಥವಾ ಮಂಡಿ ನೋವೆಂದು ಕುಂಟತೊಡಗಿದರೆ ವ್ಯಾಯಾಮವನ್ನು ನಿಲ್ಲಿಸಿ ಅಂದೇ ತೋರಿಸಿ, ಸೊಂಟದ ಕೀಲಿನ ಮೂಳೆ ಜಾರಿರುವ ಸಾಧ್ಯತೆ ಇರುತ್ತದೆ. ಡುಮ್ಮಿ, ಡುಮ್ಮ ಎಂದು ಪ್ರೀತಿಯಿಂದ ಕರೆಯುವುದನ್ನೂ ನಿಲ್ಲಿಸಿ.

ಡಿಪ್ಲೊಮಾ ವಿದ್ಯಾರ್ಥಿ, ಕೆಜಿಎಫ್:

ರಾತ್ರಿ ಎಂಟರ ಮೇಲೆ ಅನ್ನ ತಿಂದರೆ ಅದೆಲ್ಲ ಕೊಬ್ಬಾಗುತ್ತದಂತೆ, ಹೌದೇ?

ಆಹಾರತಜ್ಞೆ, ಬಂಗಾರಪೇಟೆ:

ಗಡಿಯಾರ ನೋಡಿ ಅನ್ನ ಕೊಬ್ಬಾಗುವುದಿಲ್ಲ, ದಿನದ ಒಟ್ಟು ಲೆಕ್ಕವೇ ಮುಖ್ಯ. ಆದರೆ ಹತ್ತೂವರೆಗೆ ಉಂಡು, ಹನ್ನೆರಡರವರೆಗೆ ಮೊಬೈಲ್ ನೋಡುತ್ತಾ ಮತ್ತೆ ಮಿಕ್ಸ್ಚರ್ ಡಬ್ಬಿ ತೆಗೆದು, ಐದಕ್ಕೆ ಏಳುವ ಮಕ್ಕಳಿಗೆ ನಿದ್ದೆ ಸಾಲುವುದಿಲ್ಲ. 13ರಿಂದ 18 ವರ್ಷದವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ನಿದ್ದೆ ಕಡಿಮೆಯಾದಷ್ಟೂ ಮರುದಿನ ಸಿಹಿ ಮತ್ತು ಕರಿದ ತಿಂಡಿಯ ಆಸೆ ಹೆಚ್ಚುತ್ತದೆ. ಎಂಟು ಗಂಟೆಯ ಸುಮಾರಿಗೆ ಊಟ ಮುಗಿಸಿ ಒಂಬತ್ತಕ್ಕೆ ಮಲಗಿದರೆ ಒಳ್ಳೆಯದು ಎಂದು ನಾನು ಹೇಳುವುದು ನಿದ್ದೆಗಾಗಿ.

ಪಿಯು ವಿದ್ಯಾರ್ಥಿನಿ, ಕೋಲಾರ:

ನಾಳಿದ್ದು ಅಮ್ಮನ ಜೊತೆ ಆಸ್ಪತ್ರೆಗೆ ಹೋಗುತ್ತಿದ್ದೇನೆ. ಮೇಡಂ, ಬಂಗಾರಪೇಟೆಯವರಾದ ನಿಮ್ಮನ್ನೇ ಕೇಳುತ್ತೇನೆ, ಪಾನಿಪುರಿಯನ್ನು ಪೂರ್ತಿ ಬಿಡಬೇಕೇ? ಮಾವಿನ ಕಾಲದಲ್ಲಿ ಹಣ್ಣನ್ನೂ ಬಿಡಬೇಕೇ? ಪರೀಕ್ಷೆ ಬಂದಾಗ ವ್ಯಾಯಾಮ ಏನು ಮಾಡುವುದು?

ಆಹಾರತಜ್ಞೆ, ಬಂಗಾರಪೇಟೆ:

ನಮ್ಮ ಊರಿನ ಪಾನಿಪುರಿಯನ್ನು ಬಿಡು ಎಂದು ಹೇಳಿ ನಾನು ಬಂಗಾರಪೇಟೆಯಲ್ಲಿ ಇರುವುದಾದರೂ ಹೇಗೆ! ವಾರಕ್ಕೊಮ್ಮೆ ಒಂದು ಪ್ಲೇಟ್ ತಿನ್ನಿ, ಸಂಜೆಯ ತಿಂಡಿಯ ಬದಲಿಗೆ ತಿನ್ನಿ, ತಿಂದೆನೆಂದು ರಾತ್ರಿಯ ಊಟ ಬಿಡಬೇಡಿ. ಉಳಿದ ದಿನ ಹುರಿಗಡಲೆ, ಕಡಲೆಕಾಯಿಬೀಜ, ಬೇಯಿಸಿದ ಜೋಳ, ಹಣ್ಣು ಇರಲಿ. ಗೋಬಿ ಮಂಚೂರಿಗೆ ಹಾಕುವ ಕೃತಕ ಬಣ್ಣವನ್ನು ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು, ಆದರೆ ಅದು ಹೀರುವ ಎಣ್ಣೆಯನ್ನು ಯಾರೂ ನಿಷೇಧಿಸಿಲ್ಲ ಎಂಬುದು ನೆನಪಿರಲಿ. ಶ್ರೀನಿವಾಸಪುರದ ಮಾವನ್ನು ಹಣ್ಣಾಗಿಯೇ ತಿನ್ನಿ, ದಿನಕ್ಕೊಂದು ಸಾಕು. ಸಕ್ಕರೆ ಹಾಕಿದ ಜ್ಯೂಸ್ ಬೇಡ. ನಿಜವಾಗಿ ಬಿಡಬೇಕಾದದ್ದೊಂದಿದ್ದರೆ ಅದು ಬಾಟಲಿಯ ತಂಪುಪಾನೀಯ, 250 ಮಿಲಿಲೀಟರ್‌ನಲ್ಲಿ ಐದಾರು ಟೀ ಚಮಚ ಸಕ್ಕರೆ ಇರುತ್ತದೆ.

ದೈಹಿಕ ಶಿಕ್ಷಣ ಶಿಕ್ಷಕ, ಮಾಲೂರು:

ಪರೀಕ್ಷೆಯ ತಿಂಗಳಲ್ಲಿ ಹೊಸದೇನನ್ನೂ ಆರಂಭಿಸಬೇಡಿ. ಐವತ್ತು ನಿಮಿಷ ಓದಿದ ಮೇಲೆ ಎದ್ದು ಹತ್ತು ನಿಮಿಷ ತಾರಸಿಯಲ್ಲಿ ನಡೆಯಿರಿ ಅಥವಾ ಹಗ್ಗದಾಟ ಆಡಿರಿ, ದಿನಕ್ಕೆ ನಾಲ್ಕು ಬಾರಿ ಹೀಗೆ ಮಾಡಿದರೂ ನಲವತ್ತು ನಿಮಿಷವಾಗುತ್ತದೆ. ಬಸ್ಕಿ, ದಂಡಗಳನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿಕೊಳ್ಳಿ. ಮುಟ್ಟಿನ ದಿನಗಳಲ್ಲಿ ಮೈ ಒಗ್ಗಿದಷ್ಟು ಮಾಡಿ, ಹೊಟ್ಟೆನೋವಿದ್ದರೆ ನಡಿಗೆ ಸಾಕು. ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಫಲಿತಾಂಶ ಬಂದು ವೈದ್ಯರು ಆಗಬಹುದೆನ್ನುವವರೆಗೆ ಅಂತರಗಂಗೆಯ ಮೆಟ್ಟಿಲು ಬೇಡ, ಸಮತಟ್ಟಿನ ರಸ್ತೆಯಲ್ಲೇ ನಡೆಯಿರಿ.